ಬೆಂಗಳೂರಾಗ ಮನಿ ಯಾವ ಕಡೆ ಹಿಡಿಯೋದು?

ಅಕ್ಕಂದಿರ, ವೈನಿಯರ, ಮಗಳಿಗೆ ಬೆಂಗಳೂರಾಗ ನೌಕರಿ ಸಿಕ್ಕಿತು. ಒಬ್ಬಾಕಿನ ಇರಾಕಿ. ಕೆಲಸ ಮುಗಿಸಿ ಬರೋದು ರಾತ್ರಿ ಆಗತದ. ಮನಿ ಎಲ್ಲಿ ಹಿಡಿಯೋದು ಅನ್ನೋದ ದೊಡ್ಡ ಚಿಂತಿ ಆತು.

ನಮ್ಮ ಧಾರವಾಡ ಕಡೆಯವರು ಬಹಳ ಮಂದಿ ಪಶ್ಚಿಮ ಬೆಂಗಳೂರನ್ನ ನೋಡತಾರ. ಊರಿನ ಬಸ್ಸು ತುಮಕೂರು ರಸ್ತೆಯಿಂದ ಬರತಾವ, ಯಶವಂತಪುರ ಸ್ಟೇಶನ್ನೂ ಹತ್ತರ.

ಒಂದು ಬಡಾವಣಿ ಯಾತಕ್ಕ ಹುಟ್ಟಿತು ಅಂತ ತಿಳಕೊಂಡ್ರ ಅರ್ಧ ಉತ್ತರ ಸಿಗತದ. ರಾಜಾಜಿನಗರ 1949ರಾಗ, ರಾಜಗೋಪಾಲಾಚಾರಿಯವರು ಗವರ್ನರ್ ಜನರಲ್ ಇದ್ದಾಗ, ಅವರ ಹೆಸರಲೆ ಕೈಗಾರಿಕಾ ಬಡಾವಣಿ ಅಂತ ಶುರು ಆತು. ಕಾರ್ಖಾನಿ ಮಗ್ಗಲಕ್ಕ ಕೆಲಸದವರ ಮನಿ. ಅದಕ್ಕ ಇವತ್ತೂ ಕಾಯಿಪಲ್ಯೆ, ಸಾಲಿ, ದವಾಖಾನಿ ಕಾಲನಡಗಿಗೆ ಸಿಗತಾವ. ಬಾಡಗಿ ಮಾತ್ರ ಕೈ ಸುಡತದ.

ಕೆಂಗೇರಿ ಮದಲ ಮೈಸೂರು ರಸ್ತೆ ಮ್ಯಾಲಿನ ಬ್ಯಾರೆ ಊರು. 2021ರ ಆಗಸ್ಟದಾಗ ಮೆಟ್ರೊ ಬಂದು ಶಹರಕ್ಕ ಕೂಡಿತು. ಬಾಡಗಿ ಕಡಿಮಿ. ಆದರ ವೃಷಭಾವತಿ ಹೊಳಿ ಶಹರದ ಹೊಲಸು ಹೊತ್ತು ಅದ ದಾರೀಲೆ ಹರೀತದ. ಮನಿ ನೋಡಲಿಕ್ಕೆ ಸಂಜೀಮುಂದ ಹೋಗಿ, ಕಿಡಕಿ ತಗದು ನಿಂದರ್‍ರಿ.

ನೀರಿಂದೂ ಒಂದು ಕಥಿ ಅದ. ಪಶ್ಚಿಮದ ತಿಪ್ಪಗೊಂಡನಹಳ್ಳಿ ಜಲಾಶಯ 1930ರ ದಶಕದ್ದು. ಕಾವೇರಿ ನೀರು ಬಂದದ್ದು 1974ರಾಗ. ಅದಕ್ಕ ಬಾಡಗಿ ಕೇಳೋಕಿಂತ ಮದಲ, ಕಾವೇರಿ ನಳ ವಾರಕ್ಕ ಎಷ್ಟು ದಿನಾ ಬರತದ ಅಂತ ಮಗ್ಗಲ ಮನಿಯವರನ್ನ ಕೇಳಬೇಕು.

ಮಗಳು ವಿಜಯನಗರದಾಗ ಸಣ್ಣ ಮನಿ ಹಿಡದಾಳ. ಮೆಟ್ರೊ ಇಳದು ಹತ್ತು ನಿಮಿಷ, ದಾರಿ ತುಂಬ ಅಂಗಡಿ ದೀಪ. ಅಡಗಿಮನಿ ಇಕ್ಕಟ್ಟು ಖರೇ, ನನಗ ರಾತ್ರಿ ನಿದ್ದಿ ಬರತದ.