ದೀರ್ಘಕಾಲೀನ ಕಾಯಿಲೆಗಳ ರೋಗಿಕೇಂದ್ರಿತ ಆರೈಕೆ

ರಕ್ತದೊತ್ತಡ, ಮಧುಮೇಹ, ಉಬ್ಬಸದಂಥ ಕಾಯಿಲೆಗಳು ಬಂದರೆ ಸಾಮಾನ್ಯವಾಗಿ ಆಯುಷ್ಯದುದ್ದಕ್ಕೂ ಜೊತೆಗಿರುತ್ತವೆ. ರೋಗಿಯ ದುಡಿಮೆ, ಊಟ, ಖರ್ಚುಗಳನ್ನು ಕೇಳಿ ತಿಳಿದು, ಅವರೊಂದಿಗೆ ಕೂಡಿ ನಿರ್ಧರಿಸಿ, ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಇವುಗಳಿಗೆ ಚಿಕಿತ್ಸೆ ನಡೆಸುವ ಕ್ರಮವೇ ರೋಗಿಕೇಂದ್ರಿತ ಆರೈಕೆ. ವೈದ್ಯರು ರೋಗಿಯನ್ನು ಕಾಣುವುದು ತಿಂಗಳಿಗೆ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಕಾಯಿಲೆಯನ್ನು ನಿಭಾಯಿಸುವವರು ರೋಗಿ ಮತ್ತು ಮನೆಯವರು.

ಭಾರತದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಹುಕಾಲ ಹೆರಿಗೆ, ಲಸಿಕೆ, ಸಾಂಕ್ರಾಮಿಕ ರೋಗಗಳಿಗೇ ಹೆಚ್ಚು ಗಮನ ಕೊಟ್ಟವು. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2010ರಲ್ಲಿ. 2017ರಲ್ಲಿ ಆರಂಭವಾದ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಸರಳ ಚಿಕಿತ್ಸಾಸೂತ್ರ, ತಪ್ಪದ ಔಷಧ ಪೂರೈಕೆಗಳ ಜೊತೆಗೆ ರೋಗಿಕೇಂದ್ರಿತ ಸೇವೆಯನ್ನೂ ತನ್ನ ಆಧಾರವಾಗಿ ಹೇಳಿಕೊಂಡಿತು. 2018ರ ಆಯುಷ್ಮಾನ್ ಭಾರತ ಯೋಜನೆಯಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ಮನೆಬಾಗಿಲಲ್ಲೇ ತಪಾಸಣೆ ಮಾಡುವ ಕರ್ನಾಟಕದ ‘ಗೃಹ ಆರೋಗ್ಯ’ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಯಿತು.

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರುಗಳಲ್ಲಿ ಈ ಕ್ರಮದ ಬೆಲೆ ಬೇಗ ತಿಳಿಯುತ್ತದೆ. ಕೂಲಿಗೆ ಹೋಗುವವರು ಬಿಪಿ ಗುಳಿಗೆಗಾಗಿ ತಾಲ್ಲೂಕು ದವಾಖಾನೆಗೆ ಹೋದರೆ ಬಸ್ಸಿನ ಖರ್ಚಿನ ಜೊತೆ ಅಂದಿನ ಪಗಾರವೂ ಹೋಗುತ್ತದೆ. ಎರಡು ಸಲ ಹೋಗಿ ಮೂರನೆಯ ಸಲ ಬಿಡುವುದಕ್ಕೆ ಅಸಡ್ಡೆಯೆನ್ನುವುದು ಅನ್ಯಾಯ. ಬಯಲುಸೀಮೆಯಲ್ಲಿ ಸುಮಾರು 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಸರ್ಕಾರದ ಮಾನದಂಡ. ಒಂದು ತಿಂಗಳ ಗುಳಿಗೆ ಒಟ್ಟಿಗೆ ಉಪಕೇಂದ್ರದಲ್ಲೇ ಸಿಕ್ಕರೆ ಚಿಕಿತ್ಸೆ ಮುರಿಯುವ ಮುಖ್ಯ ಕಾರಣವೊಂದು ತಪ್ಪುತ್ತದೆ.

ಭೇಟಿಯ ವೇಳೆ ಕೇಳುವ ಪ್ರಶ್ನೆಗಳಲ್ಲೇ ಹೆಚ್ಚಿನ ಕೆಲಸವಿದೆ. ಬಿಪಿ ಗುಳಿಗೆಯಾದ ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದ ಬಾಯುತ್ತದೆ. ಅವರಲ್ಲಿ ಕೆಲವರು ಯಾರಿಗೂ ಹೇಳದೆ ಗುಳಿಗೆ ಬಿಡುತ್ತಾರೆ. ‘ಗುಳಿಗೆ ತಗೊಂಡೀರೇನ್ರಿ?’ ಎಂದರೆ ‘ಹೌದ್ರಿ’ ಎಂಬ ಉತ್ತರ ಬರುತ್ತದೆ. ‘ಈ ವಾರ ಎಷ್ಟು ದಿನ ತಪ್ಪಿತ್ರಿ, ಯಾಕ ತಪ್ಪಿತು?’ ಎಂದು ಕೇಳಿದಾಗ ನಿಜ ಹೊರಬೀಳುತ್ತದೆ. ಶ್ರಾವಣದ ಉಪವಾಸವನ್ನೂ ಕೇಳಲೇಬೇಕು: ಮಧುಮೇಹದ ಗುಳಿಗೆಯಾದ ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಹೊಲದಲ್ಲಿ ಬರಿಗಾಲಲ್ಲಿ ನಡೆಯುವ ಮಧುಮೇಹಿಯ ಅಂಗಾಲನ್ನು ನೋಡದೆ ಕಳಿಸಬಾರದು. ನರಗಳ ಸ್ಪರ್ಶಜ್ಞಾನ ಕುಂದಿದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ.

ಊಟದ ಸಲಹೆಯೂ ಮನೆಯ ತಾಟಿಗೆ ಹೊಂದಬೇಕು. ರೊಟ್ಟಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಬಿಡಬೇಕಾದ ಅಗತ್ಯವೂ ಇಲ್ಲ. ರೊಟ್ಟಿಯ ಲೆಕ್ಕ, ಚಹಾದ ಸಕ್ಕರೆ, ಉಪ್ಪಿನಕಾಯಿ ಮತ್ತು ಹಿಂಡಿಯ ಉಪ್ಪು ಇವುಗಳ ಬಗ್ಗೆ, ಅಡುಗೆ ಮಾಡುವವರನ್ನೂ ಕೂರಿಸಿಕೊಂಡು ಮಾತಾಡಬೇಕು. ದಿನಕ್ಕೆ ಉಪ್ಪು 5 ಗ್ರಾಂ ಮೀರದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಗುರಿಯೂ ಎಲ್ಲರಿಗೂ ಒಂದೇ ಅಲ್ಲ. ರಕ್ತದೊತ್ತಡವನ್ನು ಸಾಮಾನ್ಯವಾಗಿ 140/90ಕ್ಕಿಂತ ಕೆಳಗೆ ಇಡಲಾಗುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಹಲವರಿಗೆ ಶೇಕಡಾ 7ರ ಆಸುಪಾಸಿನಲ್ಲಿರಬೇಕು. ದುರ್ಬಲ ವೃದ್ಧರಿಗೆ 8ರವರೆಗೂ ಒಪ್ಪಬಹುದು.

30 ವರ್ಷ ದಾಟಿದ ಯಾರೇ ಆಗಲಿ ಹತ್ತಿರದ ಉಪಕೇಂದ್ರದಲ್ಲಿ ಬಿಪಿ, ಶುಗರ್ ಉಚಿತವಾಗಿ ಪರೀಕ್ಷಿಸಿಕೊಳ್ಳಬಹುದು. ಮೈಯಲ್ಲಿ ಆರಾಮ ಇದೆಯೆಂದು ಮುಂದೂಡಬೇಡಿ. ಈ ಎರಡೂ ಕಾಯಿಲೆಗಳು ಬಹಳಷ್ಟು ಜನರಲ್ಲಿ ಮೊದಲ ವರ್ಷಗಳಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ.