ಕಾಯ್ದೆ ಓದಿದ ಬೈಗುಳ

ಹೊತ್ತು ಮೀರಿ ಮನೆಗೆ ಬಂದ ಹುಡುಗನಿಗೆ ನಮ್ಮಲ್ಲಿ ಮಂಗಳಾರತಿ ಆಗುತ್ತದೆ, ಇಲ್ಲವೇ ಸಹಸ್ರನಾಮಾರ್ಚನೆ. ಇಂಗ್ಲಿಷಿನವರು ಅವನಿಗೆ ‘ರಯಟ್ ಆಕ್ಟ್ ಓದು’ತ್ತಾರೆ. ನಾವು ಬೈಗುಳಕ್ಕೆ ಗುಡಿಯಿಂದ ಮಾತು ತಂದೆವು, ಅವರು ಕಾನೂನಿನಿಂದ ತಂದರು; ಎರಡೂ ಕಡೆ ಇರುವುದು ಗಟ್ಟಿ ಗಂಟಲಿನ ಪಠಣವೇ. ಹ್ಯಾನೋವರ್ ಮನೆತನದ ಒಂದನೇ ಜಾರ್ಜ್ ಪಟ್ಟಕ್ಕೆ ಬಂದ ಹೊಸತರ ಗಲಭೆಗಳಿಗೆ ಹೆದರಿ ಮಾಡಿದ ಈ ಕಾಯ್ದೆ 1715ರ ಆಗಸ್ಟ್ 1ರಂದು ಜಾರಿಗೆ ಬಂತು. 12 ಅಥವಾ ಹೆಚ್ಚು ಜನ ಸೇರಿ ಗಲಭೆಗೆ ನಿಂತರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಿ, ಸದ್ದಡಗಿಸಿ, ಚದುರಿರೆಂಬ ರಾಜಾಜ್ಞೆಯನ್ನು ಓದಬೇಕು. ಒಂದು ಗಂಟೆಯ ಮೇಲೂ ಅಷ್ಟು ಜನ ಅಲ್ಲೇ ಉಳಿದರೆ ಮರಣದಂಡನೆ. ಚದುರಿಸುವಾಗ ಯಾರಾದರೂ ಸತ್ತರೆ ಚದುರಿಸಿದವರ ಮೇಲೆ ತಪ್ಪಿಲ್ಲ. ಓದಿನ ಕೊನೆಗೆ ‘ದೇವರು ರಾಜನನ್ನು ಕಾಯಲಿ’ ಎನ್ನಲೇಬೇಕಿತ್ತು. ಅಷ್ಟು ಬಿಟ್ಟುಹೋಗಿದ್ದಕ್ಕೆ 1830ರ ಮೊಕದ್ದಮೆಯೊಂದರಲ್ಲಿ ಓದಿದ್ದೇ ಲೆಕ್ಕಕ್ಕಿಲ್ಲದಂತಾಯಿತು. ಮಂತ್ರಲೋಪಕ್ಕೆ ಪ್ರಾಯಶ್ಚಿತ್ತ ಕೇಳುವ ನಮ್ಮ ಪುರೋಹಿತರೂ ಇಷ್ಟು ಬಿಗಿಯಲ್ಲ.

ನೇಣಿನ ಭಯವೇ ನುಡಿಗಟ್ಟಾಯಿತು ಎನ್ನಬಹುದು. ಹಾಗಿದ್ದರೆ 1723ರ ಬ್ಲ್ಯಾಕ್ ಆಕ್ಟ್ ನಾಲಿಗೆಯ ಮೇಲೆ ಉಳಿಯಬೇಕಿತ್ತು. ಹತ್ತಾರು ಅಪರಾಧಗಳಿಗೆ ಒಮ್ಮೆಗೇ ನೇಣು ವಿಧಿಸಿದ ಕಾಯ್ದೆ ಅದು. ಇಂದು ಇತಿಹಾಸಕಾರರಷ್ಟೇ ಅದನ್ನು ನೆನೆಯುತ್ತಾರೆ. ಅದನ್ನು ಬೀದಿಯಲ್ಲಿ ನಿಂತು ಯಾರೂ ಗುಂಪಿನ ಮುಖಕ್ಕೆ ಓದಬೇಕಿರಲಿಲ್ಲ. ಇತ್ತ ರಯಟ್ ಆಕ್ಟಿನ ಮರಣದಂಡನೆ 1837ರಲ್ಲೇ ಹೋದರೂ ನುಡಿಗಟ್ಟಿನ ಖಾರ ಇಳಿಯಲಿಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಕಾಯ್ದೆಯ ಓದು ಎಚ್ಚರಿಕೆ, ಅದರ ಬೆನ್ನಿಗೆ ಒಂದು ಗಂಟೆಯ ಅವಕಾಶ. ನುಡಿಗಟ್ಟಿನಲ್ಲಿ ತಪ್ಪು ಆಗಲೇ ಮುಗಿದಿರುತ್ತದೆ, ಅವಕಾಶದ ಸುಳಿವಿಲ್ಲ. ಅರ್ಥ ತಿರುಚಿತಲ್ಲವೇ? ಬೀದಿಯೇ ಆ ಗಂಟೆಯನ್ನು ಮೊದಲು ನುಂಗಿತ್ತು ಎಂಬುದು ನನ್ನ ವಾದ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಫೀಲ್ಡ್‌ನಲ್ಲಿ ಸುಮಾರು 60,000 ಜನ ಸೇರಿದ್ದರು. ಮೈದಾನದಂಚಿನ ಮನೆಯೊಂದರ ಕಿಟಕಿಯಿಂದ ಕಾಯ್ದೆ ಓದಿದೆವೆಂದು ಮ್ಯಾಜಿಸ್ಟ್ರೇಟರು ಸಾಧಿಸಿದರು. ಆ ಗದ್ದಲದಲ್ಲಿ ಅದು ಎಷ್ಟು ಕಿವಿಗೆ ಬಿದ್ದೀತು? ಗಂಟೆ ಕಾಯದೆಯೇ ಕತ್ತಿ ಹಿರಿದ ಕುದುರೆ ಸವಾರರು ಜನರ ಮೇಲೆ ನುಗ್ಗಿದರು. ಅಲ್ಲಿ ಓದು ಕೇಳುವವರಿಗಾಗಿ ಇರಲಿಲ್ಲ, ಓದಿದವರ ರಕ್ಷಣೆಗೆ ಇತ್ತು. ‘ಹೇಳಿದ್ದೇನೆ, ಆಮೇಲೆ ನನ್ನನ್ನು ಅನ್ನಬೇಡ’ ಎನ್ನುವ ಹಿರಿಯರ ದನಿ ಇದೇ ಅಲ್ಲವೇ?

ಇಂಗ್ಲೆಂಡಿನಲ್ಲಿ ಕಾಯ್ದೆ 1967ರವರೆಗೂ ಪುಸ್ತಕದಲ್ಲಿತ್ತು, ಓದುವವರು ಅಷ್ಟರೊಳಗೆ ಅಪರೂಪವಾಗಿದ್ದರು. ವಾರಕ್ಕೆ 40 ಗಂಟೆಯ ದುಡಿಮೆ ಸಾಕೆಂದು ಮುಷ್ಕರ ಹೂಡಿದವರು 1919ರ ಜನವರಿ 31ರಂದು ಗ್ಲಾಸ್ಗೋದ ಜಾರ್ಜ್ ಸ್ಕ್ವೇರಿನಲ್ಲಿ ಸೇರಿದ್ದಾಗ ಷೆರಿಫ್ ಕಾಯ್ದೆ ಓದಲು ನಿಂತ. ಓದು ಮುಗಿಯುವ ಮೊದಲೇ ಗುಂಪು ಅವನ ಕೈಯಿಂದ ಕಾಗದ ಕಿತ್ತುಕೊಂಡಿತು.