ಬಾಗಿಲು ತೆರೆದವರು, ಗಡಿ ಎಳೆದವರು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ವಲಸೆಯ ಜಾಡು ಹಿಡಿದು ಹಿಂದಕ್ಕೆ ಹೋದರೆ ಎಮಾನ್ಯುಯೆಲ್ ಸೆಲ್ಲರ್ ಎಂಬ ಸಂಸದನ ಹೆಸರು ಸಿಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ 1923ರಲ್ಲಿ ಪ್ರತಿನಿಧಿ ಸಭೆಗೆ ಬಂದ ಸೆಲ್ಲರ್ ಹೆಚ್ಚುಕಡಿಮೆ ಐವತ್ತು ವರ್ಷ ಅಲ್ಲಿದ್ದರು. ಬಂದ ಹೊಸತರಲ್ಲೇ ಅವರು ವಿರೋಧಿಸಿದ್ದು 1924ರ ವಲಸೆ ಕಾಯ್ದೆಯನ್ನು. ಅದು ಉತ್ತರ ಯೂರೋಪಿನವರಿಗೆ ದೊಡ್ಡ ಪಾಲು ಕೊಟ್ಟು, ದಕ್ಷಿಣ ಮತ್ತು ಪೂರ್ವ ಯೂರೋಪಿನವರಿಗೆ ಚೂರುಪಾರು ಉಳಿಸಿ, ಏಷ್ಯಾದವರನ್ನು ಬಹುಮಟ್ಟಿಗೆ ಹೊರಗಿಟ್ಟಿತ್ತು. 1946ರಲ್ಲಿ ಕ್ಲೇರ್ ಬೂತ್ ಲೂಸ್ ಜೊತೆ ಸೇರಿ ಸೆಲ್ಲರ್ ತಂದ ಮಸೂದೆಯಿಂದ ಭಾರತೀಯರಿಗೆ ಅಮೆರಿಕದ ಪೌರತ್ವ ಪಡೆಯುವ ಹಕ್ಕು ಸಿಕ್ಕಿತು, ವರ್ಷಕ್ಕೆ 100 ಮಂದಿ ಬರಲು ಅವಕಾಶವಾಯಿತು. ಕೊನೆಗೆ 1965ರಲ್ಲಿ ಸೆನೆಟರ್ ಫಿಲಿಪ್ ಹಾರ್ಟ್ ಅವರೊಡನೆ ಅವರು ರೂಪಿಸಿದ ಕಾಯ್ದೆ ದೇಶವಾರು ಪಾಲಿನ ಹಳೆಯ ಪದ್ಧತಿಯನ್ನೇ ಕಿತ್ತುಹಾಕಿತು. ಆ ವರ್ಷದ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ಬುಡದಲ್ಲಿ ಕುಳಿತು ಅದಕ್ಕೆ ಸಹಿ ಹಾಕಿದರು. ನಮ್ಮ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಆ ದೇಶಕ್ಕೆ ಹೋಗಲು ಸಾಧ್ಯವಾದದ್ದು ಆ ಸಹಿಯಿಂದ.

ಇದೇ ಸೆಲ್ಲರ್ ಅದಕ್ಕೂ ಒಂದು ವರ್ಷ ಮೊದಲು ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಪ್ರತಿನಿಧಿ ಸಭೆಯಲ್ಲಿ ದಡ ಮುಟ್ಟಿಸಿದ್ದರು. ಹೋಟೆಲು, ಉದ್ಯೋಗ, ಸರ್ಕಾರಿ ಅನುದಾನ ಎಲ್ಲದರಲ್ಲೂ ವರ್ಣಭೇದವನ್ನು ನಿಷೇಧಿಸಿದ ಮಹತ್ವದ ಕಾಯ್ದೆ ಅದು. ಆದರೆ ಶಾಲೆಗಳ ಭಾಗದಲ್ಲಿ ಒಂದು ವಾಕ್ಯವಿದೆ. ವರ್ಣಭೇದ ನಿವಾರಣೆ ಎಂದರೆ ಶಾಲೆಗಳಲ್ಲಿನ ಜನಾಂಗೀಯ ಅಸಮತೋಲನವನ್ನು ಸರಿಪಡಿಸಲು ಮಕ್ಕಳನ್ನು ಬೇರೆ ಶಾಲೆಗೆ ಹಂಚುವುದಲ್ಲ ಎಂದು ಅದು ಹೇಳುತ್ತದೆ. ದಕ್ಷಿಣದ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಕಾನೂನು ಮಾಡಿಯೇ ಬೇರೆ ಇಟ್ಟಿದ್ದರು; ಅದು ಭೇದ ಎನ್ನಿಸಿಕೊಂಡಿತು. ನ್ಯೂಯಾರ್ಕ್, ಷಿಕಾಗೊ, ಬಾಸ್ಟನ್‌ಗಳಲ್ಲಿ ಮನೆ ಹಂಚಿಕೆ, ಬ್ಯಾಂಕ್ ಸಾಲ, ಶಾಲಾ ಮಂಡಳಿಯ ನಕ್ಷೆ ಇವುಗಳ ಮೂಲಕ ಅದೇ ಫಲ ಪಡೆದಿದ್ದರು. ಅದಕ್ಕೆ ಅಸಮತೋಲನ ಎಂಬ ಮೆದು ಹೆಸರು ಸಿಕ್ಕಿತು, ಕಾಯ್ದೆಯಿಂದ ವಿನಾಯಿತಿಯೂ ಸಿಕ್ಕಿತು. ತಿದ್ದುಪಡಿ ಸೂಚಿಸಿದ್ದು ದಕ್ಷಿಣದ ಫ್ಲಾರಿಡಾದ ಸದಸ್ಯರಾದರೂ ಉತ್ತರದ ಉದಾರವಾದಿಗಳು ತಕರಾರಿಲ್ಲದೆ ಒಪ್ಪಿದರು. ಅದು ಅವರಿಗೂ ಬೇಕಾಗಿತ್ತು. ವೈವಿಧ್ಯದ ವಿಷಯದಲ್ಲಿ ರಾಜಕಾರಣಿಗಳ ಇಬ್ಬಂದಿತನ ಎಂದಾಗ ನಾವು ಸಾಮಾನ್ಯವಾಗಿ ಅವರ ಮಕ್ಕಳು ಓದುವ ಶಾಲೆಯ ಕಡೆ ಬೆರಳು ತೋರಿಸುತ್ತೇವೆ. ಅದು ಸಣ್ಣ ವಿಷಯ. ದೊಡ್ಡ ಇಬ್ಬಂದಿತನ ಕಾನೂನಿನ ಒಳಗೇ ಕೂತಿದೆ: ಪರರ ಊರಿಗೆ ನ್ಯಾಯ ಬರೆದವರು ತಮ್ಮ ಬೀದಿಯನ್ನು ಅದರಿಂದ ಹೊರಗಿಟ್ಟರು.

ಉತ್ತರದವರಿಗೆ ಆ ವಿನಾಯಿತಿ ಯಾಕೆ ಬೇಕಾಗಿತ್ತು ಎಂಬುದಕ್ಕೆ ಆ ವರ್ಷದ ನ್ಯೂಯಾರ್ಕಿನ ಚಳಿಗಾಲವನ್ನು ನೋಡಬೇಕು. 1964ರ ಫೆಬ್ರುವರಿ 3ರಂದು ನಗರದ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು, ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಬೆರೆಸಬೇಕೆಂದು ಒತ್ತಾಯಿಸಿ, ಶಾಲೆ ಬಹಿಷ್ಕರಿಸಿದರು. ಬಹುಪಾಲು ಕಪ್ಪು ಮತ್ತು ಪೋರ್ಟೊರಿಕೊ ಮೂಲದ ಮಕ್ಕಳು. ಹಿಂದಿನ ವರ್ಷ ನಾಗರಿಕ ಹಕ್ಕುಗಳಿಗಾಗಿ ನಡೆದ ವಾಷಿಂಗ್ಟನ್ ಜಾಥಾವನ್ನು ಸಂಘಟಿಸಿದ್ದ ಬೇಯಾರ್ಡ್ ರಸ್ಟಿನ್ ಇದನ್ನೂ ಸಂಘಟಿಸಿದ್ದರು. ಜಾಥಾಕ್ಕೆ ಬಂದವರು ಎರಡೂವರೆ ಲಕ್ಷ ಎಂಬ ಅಂದಾಜಿದೆ; ಅಂದರೆ ಸಂಖ್ಯೆಯಲ್ಲಿ ಈ ಬಹಿಷ್ಕಾರವೇ ದೊಡ್ಡದು. ಆದರೂ ಚರಿತ್ರೆಯ ಪಠ್ಯಗಳಲ್ಲಿ ಜಾಥಾ ಉಳಿದಿದೆ, ಬಹಿಷ್ಕಾರ ಮರೆತುಹೋಗಿದೆ. ಮಾರ್ಚ್ 12ರಂದು ಹತ್ತು ಸಾವಿರಕ್ಕೂ ಹೆಚ್ಚು ಬಿಳಿಯ ತಂದೆತಾಯಿಗಳು, ಅವರಲ್ಲಿ ತಾಯಂದಿರೇ ಹೆಚ್ಚು, ಬ್ರೂಕ್ಲಿನ್ ಸೇತುವೆ ದಾಟಿ ನಗರಸಭೆಗೆ ನಡೆದರು. ಹತ್ತಿರದ ಕೆಲವು ಕಪ್ಪು ಮತ್ತು ಬಿಳಿಯ ಶಾಲೆಗಳನ್ನು ಜೋಡಿ ಮಾಡುವ ಸಣ್ಣ ಯೋಜನೆಯೊಂದನ್ನು ಅವರು ವಿರೋಧಿಸುತ್ತಿದ್ದರು. ನಮಗೆ ಯಾರ ಮೇಲೂ ದ್ವೇಷವಿಲ್ಲ, ನಮ್ಮ ಬಡಾವಣೆಯ ಶಾಲೆ ನಮ್ಮ ಮಕ್ಕಳಿಗಿರಲಿ ಎಂಬುದಷ್ಟೇ ಅವರ ಮಾತು. ಆಗ ಸೆನೆಟ್‌ನಲ್ಲಿ ನಾಗರಿಕ ಹಕ್ಕುಗಳ ಮಸೂದೆ ಚರ್ಚೆಯಲ್ಲಿತ್ತು. ದಕ್ಷಿಣದ ಸೆನೆಟರುಗಳು ಈ ಮೆರವಣಿಗೆಯನ್ನು ಎತ್ತಿ ತೋರಿಸಿದರು. ಅವರ ಉದ್ದೇಶ ಕೆಟ್ಟದ್ದಾಗಿತ್ತು, ಆದರೆ ಅವರು ತೋರಿಸಿದ್ದು ಸುಳ್ಳಾಗಿರಲಿಲ್ಲ.

ಷಿಕಾಗೊದಲ್ಲಿ ನಡೆದದ್ದು ಇನ್ನೂ ಸ್ಪಷ್ಟ. ಅಲ್ಲಿನ ಕಪ್ಪು ಬಡಾವಣೆಗಳ ಶಾಲೆಗಳು ಕಿಕ್ಕಿರಿದು ಪಾಳಿಯಲ್ಲಿ ನಡೆಯುತ್ತಿದ್ದವು. ಬಿಳಿಯ ಬಡಾವಣೆಗಳ ಶಾಲೆಗಳಲ್ಲಿ ಜಾಗ ಖಾಲಿಯಿತ್ತು. ಮಕ್ಕಳನ್ನು ಅಲ್ಲಿಗೆ ಕಳುಹಿಸುವ ಬದಲು ಶಾಲಾ ಅಧೀಕ್ಷಕ ಬೆಂಜಮಿನ್ ವಿಲಿಸ್ ಕಿಕ್ಕಿರಿದ ಶಾಲೆಗಳ ಅಂಗಳದಲ್ಲೇ ತಗಡಿನ ತಾತ್ಕಾಲಿಕ ಕೊಠಡಿಗಳನ್ನು ತಂದಿಳಿಸಿದರು. 1963ರ ಅಕ್ಟೋಬರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಇದನ್ನು ಪ್ರತಿಭಟಿಸಿ ಶಾಲೆಗೆ ಹೋಗಲಿಲ್ಲ. 1965ರಲ್ಲಿ ಕೇಂದ್ರದ ಶಿಕ್ಷಣ ಆಯುಕ್ತ ಫ್ರಾನ್ಸಿಸ್ ಕೆಪೆಲ್ ನಾಗರಿಕ ಹಕ್ಕುಗಳ ಹೊಸ ಕಾಯ್ದೆಯ ಅಧಿಕಾರ ಬಳಸಿ ಷಿಕಾಗೊಗೆ ಕೊಡಬೇಕಿದ್ದ ಸುಮಾರು 3 ಕೋಟಿ ಡಾಲರ್ ಅನುದಾನವನ್ನು ತಡೆಹಿಡಿದರು. ಮೇಯರ್ ರಿಚರ್ಡ್ ಡೇಲಿ ಜಾನ್ಸನ್‌ರ ಪಕ್ಷದ ಬಲಿಷ್ಠ ನಾಯಕ. ಅವರು ನೇರವಾಗಿ ಅಧ್ಯಕ್ಷರ ಬಳಿ ಗುಡುಗಿದರು. ಕೆಲವೇ ದಿನಗಳಲ್ಲಿ ತಡೆ ತೆರವಾಯಿತು. ಅದು ನಡೆದದ್ದು ಅಕ್ಟೋಬರಿನ ಮೊದಲ ವಾರದಲ್ಲಿ, ವಲಸೆ ಕಾಯ್ದೆಗೆ ಸಹಿ ಬಿದ್ದ ಹೊತ್ತಿನಲ್ಲೇ. ಜಗತ್ತಿನ ಎಲ್ಲ ದೇಶದವರಿಗೂ ಸಮಾನವಾಗಿ ಬಾಗಿಲು ತೆರೆದ ಸರ್ಕಾರಕ್ಕೆ ತನ್ನದೇ ನಗರದ ಒಂದು ಬೀದಿಯ ಮಕ್ಕಳನ್ನು ಇನ್ನೊಂದು ಬೀದಿಯ ಶಾಲೆಗೆ ಸೇರಿಸುವ ಧೈರ್ಯವಿರಲಿಲ್ಲ.

ಮಗುವಿನ ಶಾಲೆ ಪೋಷಕರ ಆಯ್ಕೆ ಎಂಬ ವಾದವೂ ಈ ಕಾಲದ್ದೇ. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಕ್ಕೆ ವಿರುದ್ಧ ಎಂದ 1954ರ ಬ್ರೌನ್ ತೀರ್ಪಿನ ನಂತರ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಕಪ್ಪು ಮಕ್ಕಳೊಡನೆ ಕೂರುವುದಕ್ಕಿಂತ ಶಾಲೆಯೇ ಬೇಡವೆಂದು 1959ರಿಂದ 1964ರವರೆಗೆ ತನ್ನ ಎಲ್ಲ ಸರ್ಕಾರಿ ಶಾಲೆಗಳಿಗೆ ಬೀಗ ಹಾಕಿತು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಅನೇಕರು ವರ್ಷಗಟ್ಟಲೆ ಓದಿನಿಂದಲೇ ದೂರ ಉಳಿದರು. ಬೇರೆ ಕೌಂಟಿಗಳು ಪೋಷಕರ ಆಯ್ಕೆ ಸ್ವಾತಂತ್ರ್ಯ ಎಂಬ ಯೋಜನೆ ಹೂಡಿದವು: ಯಾರು ಬೇಕಾದರೂ ಯಾವ ಶಾಲೆ ಬೇಕಾದರೂ ಸೇರಬಹುದು. ಬಿಳಿಯರ ಶಾಲೆಯನ್ನು ಆಯ್ದುಕೊಂಡ ಕಪ್ಪು ಕುಟುಂಬದ ಕೆಲಸ ಹೋಗುತ್ತಿತ್ತು, ಗೇಣಿ ಜಮೀನು ಹೋಗುತ್ತಿತ್ತು. ಕಪ್ಪು ಮಕ್ಕಳ ಶಾಲೆಯನ್ನು ಬಿಳಿಯರು ಆಯ್ದುಕೊಳ್ಳುವ ಪ್ರಶ್ನೆಯೇ ಬರಲಿಲ್ಲ. 1968ರಲ್ಲಿ ಸುಪ್ರೀಂ ಕೋರ್ಟ್ ವರ್ಜೀನಿಯಾದ ನ್ಯೂ ಕೆಂಟ್ ಕೌಂಟಿಯ ಪ್ರಕರಣದಲ್ಲಿ ಇಂಥ ಯೋಜನೆ ಸಾಲದು ಎಂದಿತು. ಹಾಗೆ ದಕ್ಷಿಣದ ಈ ದಾರಿ ಮುಚ್ಚಿತು. ಉತ್ತರದಲ್ಲಿ ಆಯ್ಕೆ ಅರ್ಜಿಯ ರೂಪದಲ್ಲಿರಲಿಲ್ಲ, ಮನೆ ಕೊಳ್ಳುವ ರೂಪದಲ್ಲಿತ್ತು. ಅದನ್ನು ನ್ಯಾಯಾಲಯಗಳು ಬಹುಮಟ್ಟಿಗೆ ಮುಟ್ಟಲಿಲ್ಲ.

ಬಾಸ್ಟನ್ನಿನಲ್ಲಿ ಇದೆಲ್ಲವೂ ಒಟ್ಟಿಗೆ ಸ್ಫೋಟಿಸಿತು. ಅಲ್ಲಿನ ಶಾಲಾ ಸಮಿತಿ ಬೇಕೆಂದೇ ಮಕ್ಕಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿದೆ ಎಂದು ನ್ಯಾಯಾಧೀಶ ಆರ್ಥರ್ ಗ್ಯಾರಿಟಿ 1974ರ ಜೂನ್ 21ರಂದು ತೀರ್ಪಿತ್ತು, ಬಸ್ಸುಗಳಲ್ಲಿ ಮಕ್ಕಳನ್ನು ಅತ್ತಿಂದಿತ್ತ ಕಳುಹಿಸಿ ಬೆರೆಸಲು ಆದೇಶಿಸಿದರು. ತೀರ್ಪು ಸಾಕ್ಷ್ಯಕ್ಕೆ ತಕ್ಕದ್ದಾಗಿತ್ತು. ಆದರೆ ಒಂದು ತಿಂಗಳ ನಂತರ, ಜುಲೈ 25ರಂದು, ಡೆಟ್ರಾಯಿಟ್‌ನ ಮಿಲ್ಲಿಕನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಇನ್ನೊಂದು ಮಾತು ಹೇಳಿತು: ನಗರದ ಮಕ್ಕಳನ್ನೂ ಸುತ್ತಲಿನ ಉಪನಗರಗಳ ಮಕ್ಕಳನ್ನೂ ಬೆರೆಸಲು, ಆ ಉಪನಗರಗಳ ತಪ್ಪು ಸಾಬೀತಾಗದ ಹೊರತು, ಒಂದೊಂದು ಶಾಲಾ ಮಂಡಳಿಯ ಆಡಳಿತ ವ್ಯಾಪ್ತಿಯಾದ ಶಾಲಾ ಡಿಸ್ಟ್ರಿಕ್ಟ್‌ನ ಗಡಿ ದಾಟುವಂತಿಲ್ಲ. ಕೆಳ ನ್ಯಾಯಾಲಯ ಒಳಗೊಂಡಿದ್ದ 53 ಉಪನಗರ ಡಿಸ್ಟ್ರಿಕ್ಟ್‌ಗಳು ಹೀಗೆ ಪಾರಾದವು. ಬ್ರೌನ್ ಪ್ರಕರಣವನ್ನು ವಕೀಲರಾಗಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಆಗ ಅದೇ ಪೀಠದ ನ್ಯಾಯಮೂರ್ತಿಯಾಗಿದ್ದರು. ಮಹಾನಗರಗಳು ಬಿಳಿಯರ ಊರು, ಕರಿಯರ ಊರು ಎಂದು ಎರಡಾಗಿ ಒಡೆಯುತ್ತವೆ ಎಂದು ಭಿನ್ನಮತದಲ್ಲಿ ಎಚ್ಚರಿಸಿದರು. ಹೀಗಾಗಿ ಸೆಪ್ಟೆಂಬರಿನಲ್ಲಿ ಬಸ್ಸು ಹೊರಟಾಗ ಅದರಲ್ಲಿ ಕೂತವರು ಎರಡು ಬಗೆಯ ಬಡವರು: ರಾಕ್ಸ್‌ಬರಿಯ ಕಪ್ಪು ಮಕ್ಕಳು, ಸೌತ್ ಬಾಸ್ಟನ್ನಿನ ಐರಿಷ್ ಕಾರ್ಮಿಕರ ಮಕ್ಕಳು. ಕಪ್ಪು ಮಕ್ಕಳ ಬಸ್ಸಿನ ಮೇಲೆ ಕಲ್ಲು ಬಿತ್ತು. ಅದಕ್ಕೆ ಯಾವ ಕ್ಷಮೆಯೂ ಇಲ್ಲ. ಆದರೆ ನ್ಯಾಯಾಧೀಶ ಗ್ಯಾರಿಟಿ ವಾಸವಿದ್ದ ವೆಲ್ಸ್‌ಲಿ ಉಪನಗರಕ್ಕೆ ಈ ಆದೇಶ ತಟ್ಟಲಿಲ್ಲ, ಬಾಸ್ಟನ್ನಿನ ಜನ ಅದನ್ನು ಕಂಡಿದ್ದರು. 1965ರ ವಲಸೆ ಮಸೂದೆಯನ್ನು ಸೆನೆಟ್‌ನಲ್ಲಿ ಮುನ್ನಡೆಸಿದ್ದ ಎಡ್ವರ್ಡ್ ಕೆನಡಿ ಸೆಪ್ಟೆಂಬರ್ 9ರಂದು ನಗರಸಭೆಯ ಮುಂದಿನ ಗುಂಪಿನೊಡನೆ ಮಾತಾಡಲು ಬಂದಾಗ ಟೊಮ್ಯಾಟೊ ತೂರಿಬಂದವು, ಅವರ ಮಕ್ಕಳು ಖಾಸಗಿ ಶಾಲೆಗೆ ಹೋಗುವುದನ್ನು ಜನ ಮುಖದ ಮೇಲೆ ಆಡಿದರು.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನಮ್ಮಲ್ಲಿ ಇಂಥವರಿಗೆ ಹೇಳುತ್ತಾರೆ. ಆ ಗಾದೆ ಕೆನಡಿಗೆ ಹೊಂದುತ್ತದೆ. ಬಿಲ್ ಕ್ಲಿಂಟನ್ ಮತ್ತು ಬರಾಕ್ ಒಬಾಮಾ ಸರ್ಕಾರಿ ಶಾಲೆಯನ್ನು ಹೊಗಳುತ್ತಲೇ ಮಕ್ಕಳನ್ನು ವಾಷಿಂಗ್ಟನ್ನಿನ ಸಿಡ್‌ವೆಲ್ ಫ್ರೆಂಡ್ಸ್ ಎಂಬ ಖಾಸಗಿ ಶಾಲೆಗೆ ಕಳುಹಿಸಿದ್ದಕ್ಕೂ ಹೊಂದಬಹುದು. ತಂದೆತಾಯಿಯ ಮೊದಲ ಕರ್ತವ್ಯ ಸ್ವಂತ ಮಗುವಿನದು, ತತ್ತ್ವಕ್ಕಾಗಿ ಮಗುವನ್ನು ಒತ್ತೆಯಿಡಲಾಗದು ಎಂಬ ಉತ್ತರ ಇದಕ್ಕಿದೆ. ಅದು ತೂಕದ ಉತ್ತರ. ತತ್ತ್ವಕ್ಕೆ ತಕ್ಕಂತೆ ಮಗುವಿನ ಶಾಲೆ ಆಯ್ದವರೇ ಇಲ್ಲವೆಂದೂ ಅಲ್ಲ. 1970ರಲ್ಲಿ ವರ್ಜೀನಿಯಾದ ರಿಪಬ್ಲಿಕನ್ ಗವರ್ನರ್ ಲಿನ್‌ವುಡ್ ಹೋಲ್ಟನ್ ಬಹುಪಾಲು ಕಪ್ಪು ಮಕ್ಕಳಿದ್ದ ರಿಚ್ಮಂಡ್‌ನ ಶಾಲೆಗೆ ಮಗಳನ್ನು ಸ್ವತಃ ಜೊತೆಗೆ ನಡೆದು ಬಿಟ್ಟುಬಂದರು. 1977ರಲ್ಲಿ ಜಿಮ್ಮಿ ಕಾರ್ಟರ್ ಅಧ್ಯಕ್ಷರಾದಾಗ ಮಗಳನ್ನು ವಾಷಿಂಗ್ಟನ್ನಿನ ಸರ್ಕಾರಿ ಶಾಲೆಗೆ ಸೇರಿಸಿದರು. ಇಬ್ಬರೂ ಗೌರವಕ್ಕೆ ಅರ್ಹರು. ಆದರೂ ಇಬ್ಬರ ಆ ಹೆಜ್ಜೆಯಿಂದ ಒಂದು ಡಿಸ್ಟ್ರಿಕ್ಟ್‌ನ ಗಡಿಯೂ ಅಲುಗಲಿಲ್ಲ. ನಾಯಕರನ್ನು ಅಳೆಯಬೇಕಾದದ್ದು ಮಗುವಿನ ಶಾಲೆಯಿಂದಲ್ಲ, ಗಡಿಯ ಪ್ರಶ್ನೆ ಬಂದಾಗ ಅವರು ಕೊಟ್ಟ ಮತದಿಂದ. ಕನೆಕ್ಟಿಕಟ್‌ನ ಸೆನೆಟರ್ ಏಬ್ರಹಾಂ ರಿಬಿಕಾಫ್ 1970ರಲ್ಲಿ ಉತ್ತರದ ಬೂಟಾಟಿಕೆಯನ್ನು ಸೆನೆಟ್‌ನಲ್ಲೇ ಬಯಲಿಗೆಳೆದರು. ಮರುವರ್ಷ ಇಡೀ ಮಹಾನಗರ ವ್ಯಾಪ್ತಿಯಲ್ಲಿ, ಉಪನಗರಗಳನ್ನೂ ಸೇರಿಸಿ, ಶಾಲೆಗಳನ್ನು ಬೆರೆಸುವ ಪ್ರಸ್ತಾಪ ತಂದರು. ಅವರದೇ ಉದಾರವಾದಿ ಗೆಳೆಯರಲ್ಲಿ ಹಲವರು ಕೈಬಿಟ್ಟರು, ಪ್ರಸ್ತಾಪ ಬಿದ್ದುಹೋಯಿತು.

ಬಸ್ಸಿನ ಯೋಜನೆಯೇ ವಿಫಲವಾಯಿತಲ್ಲ, ಬಿಳಿಯರು ನಗರ ಬಿಟ್ಟು ಹೋದದ್ದು ಅದರಿಂದಲ್ಲವೇ ಎಂದು ಕೇಳುವವರಿದ್ದಾರೆ. ಬಾಸ್ಟನ್ ಒಂದನ್ನೇ ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಉತ್ತರ ಕೆರೊಲಿನಾದ ಷಾರ್ಲೆಟ್‌ನಲ್ಲಿ ನಗರ ಮತ್ತು ಉಪನಗರ ಸೇರಿ ಇಡೀ ಮೆಕ್ಲೆನ್‌ಬರ್ಗ್ ಕೌಂಟಿಗೆ ಒಂದೇ ಶಾಲಾ ಡಿಸ್ಟ್ರಿಕ್ಟ್ ಇತ್ತು. ಬಸ್ಸಿನ ಯೋಜನೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ 1971ರ ಸ್ವಾನ್ ತೀರ್ಪಿನ ನಂತರ ಶ್ರೀಮಂತರ ಬಡಾವಣೆಗಳೂ ಕೊನೆಗೆ ಯೋಜನೆಯೊಳಗೆ ಬಂದವು, ಓಡಿಹೋಗಲು ಹತ್ತಿರದಲ್ಲಿ ಗಡಿ ಇರಲಿಲ್ಲ, ಮಿಶ್ರ ಶಾಲೆಗಳು ದಶಕಗಳ ಕಾಲ ನಡೆದವು. 1984ರ ಚುನಾವಣೆಯಲ್ಲಿ ರೊನಾಲ್ಡ್ ರೇಗನ್ ಅಲ್ಲಿಗೆ ಹೋಗಿ ಬಸ್ಸಿನ ಯೋಜನೆಯನ್ನು ಹಳಿದಾಗ ಅವರದೇ ಬೆಂಬಲಿಗರ ಸಭೆ ಮೌನವಾಯಿತು. ಮರುದಿನ ಊರಿನ ಪತ್ರಿಕೆ ಅಧ್ಯಕ್ಷರ ಮಾತು ತಪ್ಪೆಂದು ಸಂಪಾದಕೀಯ ಬರೆಯಿತು. ಇದಕ್ಕಿಂತ ಕಷ್ಟದ ಆಕ್ಷೇಪ ಕಪ್ಪು ಸಮುದಾಯದ ಒಳಗಿನಿಂದಲೇ ಬಂದದ್ದು. ನಮ್ಮ ಮಗು ಬಿಳಿಯರ ಪಕ್ಕ ಕೂತರೆ ಮಾತ್ರ ಕಲಿಯುತ್ತದೆಯೇ, ನಮ್ಮ ಶಾಲೆಗೇ ಒಳ್ಳೆಯ ಮೇಷ್ಟ್ರು, ಹಣ, ಆಡಳಿತದ ಹಕ್ಕು ಕೊಡಿ ಎಂದು 1968ರಲ್ಲಿ ಬ್ರೂಕ್ಲಿನ್‌ನ ಓಷನ್ ಹಿಲ್-ಬ್ರೌನ್ಸ್‌ವಿಲ್ ಪೋಷಕರು ಹೋರಾಡಿದರು. ಆ ಸ್ವಾಭಿಮಾನ ಸರಿಯಾದದ್ದೇ. ಆದರೆ ಅಮೆರಿಕದಲ್ಲಿ ಶಾಲೆಯ ಹಣದ ದೊಡ್ಡ ಭಾಗ ಬರುವುದು ಸ್ಥಳೀಯ ಆಸ್ತಿ ತೆರಿಗೆಯಿಂದ. ಬಡ ಡಿಸ್ಟ್ರಿಕ್ಟ್‌ಗೆ ಕಡಿಮೆ ಹಣ ಸಿಗುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 1973ರ ರಾಡ್ರಿಗ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಮಕ್ಕಳು ಗಡಿ ದಾಟುವಂತಿಲ್ಲ ಎಂದು 1974ರಲ್ಲಿ ಹೇಳುವ ಮೊದಲೇ ಹಣವೂ ದಾಟಬೇಕಿಲ್ಲ ಎಂದಾಗಿತ್ತು.

ನಮ್ಮವರು ಹೋಗಿ ನೆಲೆಸಿದ್ದು ಈ ಗಡಿಗಳ ಒಳಗೆ. ಮನೆ ಹುಡುಕುವಾಗ ಮೊದಲು ಕೇಳುವುದು ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ ಎಂದು; ಒಳ್ಳೆಯ ಡಿಸ್ಟ್ರಿಕ್ಟ್ ಎಂದರೆ ಮನೆಯ ಬೆಲೆ ಹೆಚ್ಚು. ಗಡಿ ಎಳೆದವರು ನಾವಲ್ಲ, ದುಡಿದು ಸಾಲ ಮಾಡಿ ಮನೆ ಕೊಂಡವರು ಎಂದು ಅವರು ಹೇಳಿದರೆ ಅದು ನಿಜ. ಆದರೆ ಬಣ್ಣ ಮತ್ತು ಜನ್ಮಸ್ಥಳ ನೋಡಿ ಮನುಷ್ಯರನ್ನು ಅಳೆಯುವುದು ತಪ್ಪೆಂದು ಅಮೆರಿಕ 1965ರಲ್ಲಿ ಒಪ್ಪಿಕೊಂಡದ್ದು ಕಪ್ಪು ಜನರ ಚಳವಳಿಯ ಒತ್ತಡದ ಬಿಸಿಯಲ್ಲಿ. ಅಂದು ಬೀದಿಗಿಳಿದವರ ಮೊಮ್ಮಕ್ಕಳಲ್ಲಿ ಅನೇಕರು ಇಂದೂ ಗಡಿಯ ಆಚೆ ಓದುತ್ತಿದ್ದಾರೆ. ಬಾಸ್ಟನ್ನಿನ ಮಕ್ಕಳನ್ನು ಉಪನಗರದ ಶಾಲೆಗಳಿಗೆ ಸ್ವಇಚ್ಛೆಯಿಂದ ಸೇರಿಸಿಕೊಳ್ಳುವ ಮೆಟ್ಕೊ ಯೋಜನೆ 1966ರಿಂದ ನಡೆಯುತ್ತಿದೆ. ಊರು ಮನಸ್ಸು ಮಾಡಿದರೆ ಗಡಿ ತೆರೆಯಬಹುದು. ಆದ್ದರಿಂದ ಅಲ್ಲಿ ಮತದಾನದ ಹಕ್ಕಿರುವ ಕನ್ನಡಿಗರು ಶಾಲಾ ಮಂಡಳಿಯ ಚುನಾವಣೆಯನ್ನು ಕಡೆಗಣಿಸಬಾರದು. ವೈವಿಧ್ಯ ನಮ್ಮ ಶಕ್ತಿ ಎಂದು ಕರಪತ್ರ ಹಂಚುವ ಅಭ್ಯರ್ಥಿ ಮನೆಬಾಗಿಲಿಗೆ ಬಂದಾಗ, ಪಕ್ಕದ ಬಡ ಊರಿನ ಮಕ್ಕಳಿಗೆ ನಮ್ಮ ಶಾಲೆಯಲ್ಲಿ ಸೀಟು ಕೊಡುವ ಪ್ರಸ್ತಾಪ ಬಂದರೆ ಯಾವ ಕಡೆ ಕೈ ಎತ್ತುತ್ತೀರಿ ಎಂದು ಕೇಳಿ, ಉತ್ತರ ಸಿಗುವವರೆಗೂ ಬಿಡಬೇಡಿ.